ಗುಳೆ ಬಗ್ಗೆ ಕಲಾಕೃತಿ ಮಾಡಬೇಕು, ಆದರೆ ಅಳು ಬರಿಸುವ ಪೋಸ್ಟರ್ ಆಗಬಾರದು. ಏನು ನೋಡಲಿ, ಹೇಗೆ ಮಾಡಲಿ?

ಶಹಾಪುರದ ಹುಡುಗ

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ದೃಶ್ಯಕಲೆ ಓದುತ್ತಿದ್ದೇನೆ, ಇದು ಕೊನೆಯ ವರ್ಷ. ಊರು ಯಾದಗಿರಿ ಜಿಲ್ಲೆ, ಶಹಾಪುರದ ಹತ್ತಿರ ಒಂದು ಸಣ್ಣ ಹಳ್ಳಿ. ಫೈನಲ್ ಡಿಸ್‌ಪ್ಲೇಗೆ ಗುಳೆ ವಿಷಯ ಹಿಡಿದಿದ್ದೇನೆ. ನಾಲ್ಕು ಕ್ಯಾನ್ವಾಸ್ ಮುಗಿದೂ ಆಗಿತ್ತು. ರೈಲಿನ ಬಾಗಿಲಲ್ಲಿ ಜೋತುಬಿದ್ದ ಜನ, ಕಂಕುಳಲ್ಲಿ ಕೂಸು ತಲೆ ಮೇಲೆ ಗಂಟು ಹೊತ್ತ ಹೆಂಗಸು, ಬಿರುಕು ಬಿಟ್ಟ ನೆಲ, ಒಂದು ಒಣ ಮರ. ನಮ್ಮ ಗೈಡ್ ಎರಡು ನಿಮಿಷ ಮುಂದೆ ನಿಂತರು. "ಕೈ ಚೆನ್ನಾಗಿದೆ. ಬ್ಯಾಂಕಿನ ಕ್ಯಾಲೆಂಡರಿಗೆ ಆಗುತ್ತದೆ" ಅಂದು ಹೊರಟುಹೋದರು.

ಎರಡು ದಿನ ಸಿಟ್ಟಿತ್ತು. ಆಮೇಲೆ ಊರಿಗೆ ಹೋದಾಗ ಅವರು ಹೇಳಿದ್ದು ಸರಿ ಅನ್ನಿಸಿತು. ನಮ್ಮದು ಎರೆ ಭೂಮಿ. ಒಳ್ಳೆ ಬೆಳೆ ಬಂದ ವರ್ಷವೂ ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ, ಅದಕ್ಕೂ ಗುಳೆಗೂ ಏನು ಸಂಬಂಧ? ನಮ್ಮ ತಾಲ್ಲೂಕಿನಲ್ಲಿ ಕಾಲುವೆ ನೀರು ಹರಿಯುವ ಊರೂ ಇದೆ, ಅರ್ಧ ಊರು ಪುಣೆಗೆ ಹೋಗುವ ಊರೂ ಇದೆ. ಎರಡರ ನಡುವೆ ಒಂದು ಡಾಂಬರು ರಸ್ತೆ ಅಷ್ಟೇ. ಅಂದರೆ ನಾನು ನೋಡಿದ್ದನ್ನು ಬಿಡಿಸಿರಲಿಲ್ಲ, ಎಲ್ಲೋ ನೋಡಿದ ಗುಳೆಯ ಚಿತ್ರಗಳನ್ನು ನೋಡಿ ಬಿಡಿಸಿದ್ದೆ.

ನಿಜವಾಗಿ ನೋಡಿದ್ದು ಒಂದಿದೆ. ನಮ್ಮ ಆಯಿಯ, ಅಂದರೆ ಅಜ್ಜಿಯ, ಸಂಚಿ. ಎಲೆ ಅಡಿಕೆ ಜೊತೆ ಅದರಲ್ಲಿ ಏಳು ಕೀಲಿಕೈ ಇರುತ್ತವೆ. ದಸರಾ ಆದ ಮೇಲೆ ಓಣಿಯವರು ಮನೆಗೆ ಕೀಲಿ ಹಾಕಿ ಕೈ ತಂದು ಆಯಿಗೆ ಕೊಟ್ಟು ಹೋಗುತ್ತಾರೆ. ಆಯಿಗೆ ಓದಲು ಬರುವುದಿಲ್ಲ, ಅದಕ್ಕೆ ಒಂದೊಂದಕ್ಕೂ ಒಂದು ಗುರುತು. ತಿಪ್ಪಣ್ಣ ಕಾಕಾನ ಮನೆಯದಕ್ಕೆ ಕೆಂಪು ದಾರ, ಇನ್ನೊಂದಕ್ಕೆ ಹಳೆ ಸೀರೆಯ ಅಂಚು, ಮತ್ತೊಂದಕ್ಕೆ ಸೇಫ್ಟಿ ಪಿನ್ನು. ಒಂದಕ್ಕೆ ಮಾತ್ರ ಏನೂ ಕಟ್ಟಿಲ್ಲ. ಆ ಮನೆಯವರು ಮೂರು ವರ್ಷದಿಂದ ಬಂದಿಲ್ಲ, ದಾರ ಹರಿದುಹೋಯಿತು, ಮತ್ತೆ ಕಟ್ಟಿಲ್ಲ ಅಂದಳು.

ಇದನ್ನು ಹೇಗೆ ಕೆಲಸ ಮಾಡಲಿ ಅಂತ ಗೊತ್ತಾಗುತ್ತಿಲ್ಲ. ವಲಸೆ, ಗಡಿ, ನೆಲದ ಮೇಲಿನ ಅಧಿಕಾರ ಇವುಗಳ ಬಗ್ಗೆ ಈಗಿನ ಕಲಾವಿದರು ಮಾಡಿದ ಯಾವ ಕೆಲಸ ನೋಡಲಿ? ಊರವರ ಮುಖ ತೋರಿಸದೆ ಮಾಡಬೇಕು. ಬಜೆಟ್ ನಾಲ್ಕು ಸಾವಿರ. ನಗಬೇಡಿ.

ಬಣ್ಣದ ಡಬ್ಬಿ

ತಮ್ಮಾ, ನಗುವುದಿಲ್ಲ. ನನ್ನ ಫೈನಲ್ ವರ್ಷದಲ್ಲಿ ಎಂಟುನೂರು ರೂಪಾಯಿ ಇತ್ತು.

ನಿನ್ನ ಸಂಚಿ ಆ ನಾಲ್ಕು ಕ್ಯಾನ್ವಾಸಿಗಿಂತ ಜಾಸ್ತಿ ಮಾತಾಡುತ್ತದೆ. ಗಡಿ ಬಗ್ಗೆ ಒಳ್ಳೆ ಕೆಲಸ ಮಾಡಿದವರು ಯಾರೂ ಮುಳ್ಳುತಂತಿಯ ಚಿತ್ರ ಬಿಡಿಸಿ ಕೂತಿಲ್ಲ. ಒಂದು ಸಾಮಾನು ಹಿಡಿಯುತ್ತಾರೆ, ಇಲ್ಲ ಒಂದು ಕೆಲಸ ಹಿಡಿಯುತ್ತಾರೆ, ಅದನ್ನು ಕೊನೆತನಕ ಮಾಡುತ್ತಾರೆ.

ಶಿಲ್ಪಾ ಗುಪ್ತಾ ಅಂತ ಮುಂಬೈಯವರು. ಅವರ ಒಂದು ಕೆಲಸದ ಹೆಸರೇ '1:14.9'. 2011–12ರದು. ನೋಡಲು ಏನಿಲ್ಲ, ಗಾಜಿನ ಪೆಟ್ಟಿಗೆಯಲ್ಲಿ ಕೈಯಲ್ಲೇ ಸುತ್ತಿದ ದಾರದ ಒಂದು ಉಂಡೆ. ಕೆಳಗೆ ಹಿತ್ತಾಳೆ ಪಟ್ಟಿಯಲ್ಲಿ ಭಾರತ–ಪಾಕಿಸ್ತಾನ ಗಡಿಯಲ್ಲಿ 1188.5 ಮೈಲಿ ಬೇಲಿ ಇದೆ ಅನ್ನುವ ಲೆಕ್ಕ. ಉಂಡೆಯಲ್ಲಿ ಇರುವುದು ಆ ಬೇಲಿ. ಟಿವಿಯಲ್ಲಿ ಅಷ್ಟು ದೊಡ್ಡದಾಗಿ ಕಾಣುವುದು ಒಂದು ಪೆಟ್ಟಿಗೆಯೊಳಗೆ ಹಿಡಿಸಿದೆ. ಅವರದೇ ಇನ್ನೊಂದು, ನೂರು ಜನರಿಗೆ ಭಾರತದ ನಕ್ಷೆಯನ್ನು ನೆನಪಿನಿಂದ ಬಿಡಿಸಿ ಅಂದಿದ್ದು. 2007–08ರಲ್ಲಿ. ಒಬ್ಬರದೂ ಇನ್ನೊಬ್ಬರ ಹಾಗಿಲ್ಲ. ಸುಮ್ನೆ ಹಾಳೆ ಪೆನ್ನು, ಖರ್ಚೂ ಇಲ್ಲ.

ಮುಖ ತೋರಿಸಬಾರದು ಅಂದೆಯಲ್ಲ, ಅದಕ್ಕೆ ಬುಶ್ರಾ ಖಲೀಲಿ ನೋಡಲೇಬೇಕು. ಮೊರಾಕ್ಕೊದಲ್ಲಿ ಹುಟ್ಟಿದವರು. 2008ರಿಂದ 2011ರವರೆಗೆ ಮಾಡಿದ ಎಂಟು ವಿಡಿಯೊ. ಕಾಗದವಿಲ್ಲದೆ ಗಡಿ ದಾಟಿ ಬಂದ ಒಬ್ಬೊಬ್ಬರು ತಮ್ಮ ದಾರಿ ಹೇಳುತ್ತಾರೆ. ಕ್ಯಾಮೆರಾದಲ್ಲಿ ಕಾಣುವುದು ಒಂದು ಭೂಪಟ, ಒಂದು ಕೈ, ಒಂದು ಮಾರ್ಕರ್ ಪೆನ್ನು. ಮುಖವೇ ಇಲ್ಲ. ದನಿ ಬರುತ್ತದೆ, ಗೆರೆ ಮುಂದೆ ಹೋಗುತ್ತದೆ, ಹಿಡಿದು ವಾಪಸ್ ಕಳಿಸಿದರೆ ಗೆರೆ ಹಿಂದಕ್ಕೆ ಬರುತ್ತದೆ, ಮತ್ತೆ ಹೊರಡುತ್ತದೆ. ಅಳುವುದೂ ಇಲ್ಲ, ಹಿನ್ನೆಲೆ ಸಂಗೀತವೂ ಇಲ್ಲ. ಗಡಿಗೆರೆ ಹಾಕಿದ ದೇಶಗಳ ಮೇಲೆ ಆ ಮಾರ್ಕರ್ ಕೇರೇ ಮಾಡದೆ ಹೋಗುತ್ತಲ್ಲ, ಅಲ್ಲಿದೆ ಎಲ್ಲ.

ಆಮೇಲೆ ಜರೀನಾ. ಅಲಿಗಢದಲ್ಲಿ 1937ರಲ್ಲಿ ಹುಟ್ಟಿದವರು, 2020ರಲ್ಲಿ ಲಂಡನ್‌ನಲ್ಲಿ ತೀರಿಕೊಂಡರು. 2001ರಲ್ಲಿ ಮಾಡಿದ ಒಂದು ಮರದಚ್ಚಿನ ಚಿತ್ರದಲ್ಲಿ ಬರೀ ಒಂದು ಕಪ್ಪು ಗೆರೆ, 1947ರ ವಿಭಜನೆಯ ಗೆರೆ. ಹಾಳೆ ಮೇಲೆ ಬಿರುಕಿನ ಹಾಗೆ ಕಾಣುತ್ತದೆ. ಆ ಗೆರೆ ಎಳೆದ ಬ್ರಿಟಿಷ್ ವಕೀಲ ರ‍್ಯಾಡ್‌ಕ್ಲಿಫ್ ಅದಕ್ಕೆ ಮುಂಚೆ ಭಾರತವನ್ನೇ ನೋಡಿರಲಿಲ್ಲ, ಐದು ವಾರದಲ್ಲಿ ಕೆಲಸ ಮುಗಿಸಿ ಹೋದ. ಜರೀನಾ ಅದೇ ಗೆರೆಯನ್ನು ಮರದಲ್ಲಿ ಉಳಿಯಿಂದ ಕೆತ್ತಿದ್ದಾರೆ. ಗೆರೆಯನ್ನು ಉಳಿಸಿ ಸುತ್ತಲಿನ ಮರವನ್ನೆಲ್ಲ ಕೆತ್ತಿ ತೆಗೆಯಬೇಕು, ಯೋಚನೆ ಮಾಡು.

ಇಷ್ಟು ನೋಡಿ ಬಾ, ಆಮೇಲೆ ಮಾತಾಡೋಣ.

ಪುಣೆ ಸೆಂಟ್ರಿಂಗ್

ನಾನು ಜೇವರ್ಗಿ ಕಡೆಯವನು, ಹನ್ನೊಂದು ವರ್ಷದಿಂದ ಪುಣೆಯಲ್ಲಿ ಸೆಂಟ್ರಿಂಗ್ ಕೆಲಸ. ಕಲೆ ಗೊತ್ತಿಲ್ಲ. ಆದರೆ ಒಂದು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ದಾರದ ಉಂಡೆ ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ನಮಗೇನು ಬಂತು? ನೋಡುವವರು ಏಸಿಯಲ್ಲಿ ನಿಂತು "ಅಯ್ಯೋ ಪಾಪ" ಅಂದು ಚಹಾ ಕುಡಿದು ಹೋಗುತ್ತಾರೆ. 2020ರಲ್ಲಿ ಲಾಕ್‌ಡೌನ್ ಆದಾಗ ಎಲ್ಲರೂ ನಮ್ಮ ಬರಿಗಾಲಿನ ಚಿತ್ರ ಬಿಡಿಸಿದರು. ಫೇಸ್‌ಬುಕ್ ತುಂಬ ಕಾಲು. ಬಾಡಿಗೆ ಮನೆ ಓನರ್ ಮಾತ್ರ ಒಂದು ತಿಂಗಳ ಬಾಡಿಗೆ ಬಿಡಲಿಲ್ಲ.

ಇನ್ನೊಂದು, ಗಡಿ ಗಡಿ ಅನ್ನುತ್ತೀರಿ. ನಮಗೆ ಗಡಿ ಗೊತ್ತಾಗುವುದು ಬೇಲಿಯಿಂದ ಅಲ್ಲ. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಗಾಣಗಾಪುರ ರೋಡ್ ದಾಟಿ ದುಧನಿ ಬಂದರೆ ಬೋರ್ಡು ಮರಾಠಿ ಆಗುತ್ತದೆ, ಆದರೆ ಪ್ಲಾಟ್‌ಫಾರ್ಮಿನಲ್ಲಿ ಕನ್ನಡ ಕೇಳುತ್ತಲೇ ಇರುತ್ತದೆ. ಅದು ಸರ್ಕಾರದ ಗಡಿ. ನಮ್ಮ ಗಡಿ ಸೈಟಿನ ಗೇಟು. ಒಳಗೆ ಪತ್ರಾ ಶೆಡ್ಡು, ಹೊರಗೆ ಸೊಸೈಟಿ. ನಾವೇ ಕಟ್ಟಿದ ಬಿಲ್ಡಿಂಗು, ಗೃಹಪ್ರವೇಶ ಆದ ಮರುದಿನ ಒಳಗೆ ಬಿಡಬೇಕಾದರೆ ವಾಚ್‌ಮನ್ ರಿಜಿಸ್ಟರಿನಲ್ಲಿ ಹೆಸರು ಬರೆಸುತ್ತಾನೆ. ಆ ವಾಚ್‌ಮನ್ನೂ ಬಿಹಾರದಿಂದ ಬಂದವನು.

ಶಹಾಪುರದ ಹುಡುಗ

ಅಣ್ಣಾ, ನಿಮಗೇನು ಬಂತು ಅನ್ನುವುದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಗೇಟಿನ ಮಾತು ಬರೆದಿಟ್ಟುಕೊಂಡೆ. ಒಂದು ಕೇಳಲಾ? ಭಾನುವಾರ ರಜೆ ಇದ್ದಾಗ ನಿಮ್ಮ ಶೆಡ್ಡಿನಲ್ಲಿ ಯಾರಾದರೂ ಊರಿಂದ ಪುಣೆಗೆ ಬಂದ ದಾರಿಯನ್ನು ಹಾಳೆ ಮೇಲೆ ಬಿಡಿಸಿ ಕೊಡುತ್ತಾರಾ? ಖಲೀಲಿ ಮಾಡಿದ ಹಾಗೆ. ಹೆಸರು ಬೇಡ, ಫೋಟೊ ಬೇಡ.

ಸರಪಳಿ ಮುತ್ಯಾ

ನಾನು ಭೂಮಾಪನ ಇಲಾಖೆಯಲ್ಲಿ ಸರ್ವೆಯರ್ ಆಗಿ ನಿವೃತ್ತಿಯಾದವನು. ಈಗ ಕಲಬುರಗಿಯಲ್ಲೇ ಇದ್ದೇನೆ. ಮೊಮ್ಮಗಳು ಈ ಚರ್ಚೆ ತೋರಿಸಿದಳು. ಕಲೆಯ ಬಗ್ಗೆ ಹೇಳಲು ನನಗೆ ಯೋಗ್ಯತೆ ಇಲ್ಲ, ಗೆರೆಯ ಬಗ್ಗೆ ಇದೆ.

ಮೊದಲು ಆ ದಾರದ ಲೆಕ್ಕ. ಮೇಲೆ ಬರೆದವರು ಉಂಡೆಯಲ್ಲಿ ಇರುವುದು ಆ ಬೇಲಿ ಅಂದರು. ಪೂರ್ತಿ ಬೇಲಿ ಅಲ್ಲ. 1:14.9 ಅಂದರೆ ಪ್ರಮಾಣ. 1188.5 ಮೈಲಿಯನ್ನು 14.9ರಿಂದ ಭಾಗಿಸಿ, ಸುಮಾರು 80 ಮೈಲಿ ದಾರ ಬರುತ್ತದೆ, ಅಂದರೆ ಹತ್ತಿರ ಹತ್ತಿರ 128 ಕಿಲೋಮೀಟರ್. ಬಿಚ್ಚಿಕೊಂಡು ಹೋದರೆ ಕಲಬುರಗಿಯಿಂದ ಸೊಲ್ಲಾಪುರ ದಾಟುತ್ತದೆ. ಉಂಡೆ ಸಣ್ಣದು ಅಂತ ಹಗುರ ಮಾಡಬಾರದು.

ಗೆರೆ ದಪ್ಪ ಇದ್ದರೆ ಏನಾಗುತ್ತದೆ ಅನ್ನುವುದು ನಮ್ಮ ಇಲಾಖೆಯಲ್ಲಿ ದಿನಾ ಜಗಳ. ಹೊಲದ ಟಿಪ್ಪಣಿಯಲ್ಲಿ ಪೆನ್ಸಿಲ್ ಮೊನೆ ಮೊಂಡಾಗಿದ್ದರೆ ನೆಲದ ಮೇಲೆ ಒಂದು ಸಾಲು ಜೋಳ ಆ ಕಡೆ ಈ ಕಡೆ ಆಗುತ್ತದೆ, ಅಣ್ಣತಮ್ಮಂದಿರು ಕೋರ್ಟಿಗೆ ಹೋಗುತ್ತಾರೆ. ಮೊಮ್ಮಗಳು ಅಲೀಸ್ ಅನ್ನುವ ಬೆಲ್ಜಿಯಂ ಕಲಾವಿದನ ಒಂದು ವಿಡಿಯೊ ತೋರಿಸಿದಳು, 2004ರದು. ಆ ಮನುಷ್ಯ ತೂತು ಮಾಡಿದ ಡಬ್ಬಿಯಲ್ಲಿ ಹಸಿರು ಬಣ್ಣ ಹಿಡಿದುಕೊಂಡು ಜೆರುಸಲೇಮಿನಲ್ಲಿ ನಡೆಯುತ್ತಾನೆ, ಬಣ್ಣ ಸೋರುತ್ತಾ ಹೋಗುತ್ತದೆ. 24 ಕಿಲೋಮೀಟರ್, 58 ಲೀಟರ್ ಬಣ್ಣ. 1948ರಲ್ಲಿ ಮೋಶೆ ದಯಾನ್ ಅನ್ನುವ ಇಸ್ರೇಲಿ ಸೇನಾಧಿಕಾರಿ ನಕ್ಷೆ ಮೇಲೆ ಹಸಿರು ಪೆನ್ಸಿಲ್ಲಿನಲ್ಲಿ ಎಳೆದ ಕದನವಿರಾಮದ ಗೆರೆಯ ದಾರಿ ಅದು. ಆ ನಕ್ಷೆಯ ಪ್ರಮಾಣ 1:20,000. ಪೆನ್ಸಿಲ್ ಗೆರೆಯ ದಪ್ಪ ಮೂರು ನಾಲ್ಕು ಮಿಲಿಮೀಟರ್. ಲೆಕ್ಕ ಹಾಕಿ, ನೆಲದ ಮೇಲೆ 60ರಿಂದ 80 ಮೀಟರ್ ಅಗಲ. ಆ ಅಗಲದಲ್ಲಿ ಮನೆ ಇದ್ದವರು ಯಾವ ಕಡೆಯವರು? ನಮ್ಮಲ್ಲಿ 33 ಅಡಿಯ ಅಳತೆ ಸರಪಳಿಗೆ ಹದಿನಾರು ಭಾಗ, ಒಂದೊಂದಕ್ಕೆ ಆಣೆ ಅನ್ನುತ್ತೇವೆ. ಒಂದು ಆಣೆ ತಪ್ಪಿದರೆ ನೋಟಿಸ್ ಕೊಡುತ್ತಿದ್ದರು. ಆ ವಿಡಿಯೊ ನೋಡಿ ನನಗೆ ನಗು ಬಂತು, ಆಮೇಲೆ ರಾತ್ರಿ ನಿದ್ದೆ ಬರಲಿಲ್ಲ.

ಇನ್ನು ನಮ್ಮ ಕಡೆಯದು. ಗೆರೆ ಎಳೆಯುವುದು ಒಂದು ಅಧಿಕಾರ, ಎಳೆಯದೇ ಬಿಡುವುದು ಇನ್ನೂ ದೊಡ್ಡ ಅಧಿಕಾರ. ನಾನು ಸರ್ವೆ ಮಾಡಿದ ಎಷ್ಟೋ ತಾಂಡಾಗಳಲ್ಲಿ ಜನ ಇದ್ದರು, ಸೇವಾಲಾಲ್ ಗುಡಿ ಇತ್ತು, ಬೋರ್‌ವೆಲ್ ಇತ್ತು, ಮತಗಟ್ಟೆಯೂ ಇತ್ತು. ನಕ್ಷೆಯಲ್ಲಿ ಊರು ಇರಲಿಲ್ಲ. ಯಾರದೋ ಸರ್ವೆ ನಂಬರಿನೊಳಗೆ, ಇಲ್ಲ ದನ ಮೇಯಲು ಬಿಟ್ಟ ಸರ್ಕಾರಿ ಗಾಯರಾಣದಲ್ಲಿ ಕೂತ ಮನೆಗಳು. ಮೂರು ತಲೆಮಾರು ಇದ್ದ ಮನೆಗೆ ಕಾಗದ ಇಲ್ಲ. 2023ರ ಜನವರಿಯಲ್ಲಿ ಮಳಖೇಡದಲ್ಲಿ ಹಕ್ಕುಪತ್ರ ಕೊಟ್ಟರಲ್ಲ, ಆಗ ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಈ ಐದು ಜಿಲ್ಲೆಗಳಲ್ಲಿ ಸುಮಾರು 1475 ಜನವಸತಿಗಳನ್ನು ಕಂದಾಯ ಗ್ರಾಮ ಅಂತ ಘೋಷಣೆ ಮಾಡಿದ್ದರು. 1475 ಊರು ಅಲ್ಲಿಯವರೆಗೆ ದಾಖಲೆಯಲ್ಲಿ ಇರಲಿಲ್ಲ ಅನ್ನಿ. ಗುಳೆ ಹೋದವನು ಊರು ಬಿಟ್ಟು ಹೋದ ಅನ್ನುತ್ತೇವೆ. ದಾಖಲೆ ಪ್ರಕಾರ ಅವನಿಗೆ ಬಿಟ್ಟು ಹೋಗಲು ಊರೇ ಇರಲಿಲ್ಲ.

ನಿನಗೂ ಒಂದು ಪ್ರಶ್ನೆ ತಮ್ಮಾ. ನಿನ್ನ ಜನನ ಪ್ರಮಾಣಪತ್ರದಲ್ಲಿ ಯಾವ ಜಿಲ್ಲೆ ಇದೆ?

ಶಹಾಪುರದ ಹುಡುಗ

ಮುತ್ಯಾ, ತೆಗೆದು ನೋಡಿದೆ. ಗುಲ್ಬರ್ಗಾ ಜಿಲ್ಲೆ ಅಂತ ಇದೆ. ಆಧಾರಿನಲ್ಲಿ ಯಾದಗಿರಿ. ನನ್ನ ತಂಗಿಯದರಲ್ಲಿ ಯಾದಗಿರಿ ಜಿಲ್ಲೆಯೇ. ಇಬ್ಬರೂ ಒಂದೇ ಮನೆಯಲ್ಲಿ ಹುಟ್ಟಿದವರು!

ಸರಪಳಿ ಮುತ್ಯಾ

ನಿನ್ನ ಆಯಿಯ ವಯಸ್ಸು ಎಂಬತ್ತು ದಾಟಿದ್ದರೆ ಆಕೆ ಹುಟ್ಟಿದ್ದು ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿ. 1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಆಕ್ಷನ್ ಆಗಿ ಭಾರತ. 1956ರ ನವೆಂಬರ್ 1ಕ್ಕೆ ಹೈದರಾಬಾದ್ ರಾಜ್ಯ ಮೂರು ಹೋಳಾಗಿ ನಾವು ಮೈಸೂರು ರಾಜ್ಯ. 1973ಕ್ಕೆ ಕರ್ನಾಟಕ. 2014ಕ್ಕೆ ಗುಲ್ಬರ್ಗಾ ಹೋಗಿ ಕಲಬುರಗಿ, 2019ಕ್ಕೆ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ. ಆಕೆ ಮಾತ್ರ ಅದೇ ಕಟ್ಟೆ ಮೇಲೆ ಅಡಿಕೆ ಕತ್ತರಿಸುತ್ತಾ ಕೂತಿರಬೇಕು. ಹಳೆ ದಾಖಲೆ ಉರ್ದುವಿನಲ್ಲಿ ಇರುತ್ತಿತ್ತು, ಓದಿ ಹೇಳುವವರು ಕಚೇರಿಗೆ ಒಬ್ಬರು. ಅವರು ರಜೆ ಹಾಕಿದರೆ ಅವತ್ತು ಯಾರ ಹೊಲವೂ ಯಾರದೂ ಅಲ್ಲ.

ರಜಾಕಾರರ ಹಾವಳಿಯಲ್ಲಿ ನಮ್ಮ ಮನೆಯವರು ಸೊಲ್ಲಾಪುರದ ಕಡೆ ಓಡಿದ್ದರು, ಆಗ ಅದು ಇನ್ನೊಂದು ಸರ್ಕಾರದ ನೆಲ. ಆಕ್ಷನ್ ಆದ ಮೇಲೆ ನಮ್ಮ ಓಣಿಯ ಮುಸ್ಲಿಮರು ಓಡಿದರು, ಕೆಲವರು ವಾಪಸ್ ಬರಲಿಲ್ಲ. ಮನೆಯಲ್ಲಿ ಮೊದಲನೆಯದನ್ನು ಜೋರಾಗಿ ಹೇಳುತ್ತಿದ್ದರು, ಎರಡನೆಯದನ್ನು ಮೆಲ್ಲಗೆ. ನಿನ್ನ ಆಯಿಗೆ ಕೇಳಿ ನೋಡು, ಕೀಲಿಕೈ ಇಟ್ಟುಕೊಳ್ಳುವ ಪದ್ಧತಿ ಯಾವಾಗಿನದು ಅಂತ.

ಚಿತ್ತಾಪುರ ಟೀಚರ್

ನಾನು ತಾಂಡಾದವಳು, ಅಲ್ಲೇ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಟೀಚರ್. ಸರ್ವೆಯರ್ ಸರ್ ಬರೆದದ್ದು ನಿಜ. ನಮ್ಮ ಅಪ್ಪನಿಗೆ ಹಕ್ಕುಪತ್ರ ಬಂದಾಗ ಅದನ್ನು ಲ್ಯಾಮಿನೇಟ್ ಮಾಡಿಸಿ ದೇವರ ಜಗಲಿಯಲ್ಲಿಟ್ಟ.

ಹುಡುಗನಿಗೆ ಒಂದು ಮಾತು. ದಯವಿಟ್ಟು ನಮ್ಮ ಕನ್ನಡಿ ಬಟ್ಟೆ, ಬಳೆ ತಂದು ಗೋಡೆಗೆ ಅಂಟಿಸಬೇಡಪ್ಪಾ. ಗುಳೆ ಅಂದರೆ ಲಂಬಾಣಿ ಘಾಗ್ರಾ, ಅಷ್ಟರಲ್ಲೇ ಮುಗಿಸಿಬಿಡುತ್ತಾರೆ. ನಮ್ಮ ಮಕ್ಕಳು ಜೀನ್ಸ್ ಹಾಕಿಕೊಂಡೇ ರೈಲು ಹತ್ತುತ್ತಾರೆ.

ನಾನು ದಿನಾ ನೋಡುವುದು ಹಾಜರಿ ಪುಸ್ತಕ. ದೀಪಾವಳಿ ಆದ ಮೇಲೆ ಕೆಲವು ಹೆಸರುಗಳ ಮುಂದೆ 'ಗೈ' ಶುರು ಆಗುತ್ತದೆ. ಗೈ, ಗೈ, ಗೈ. ಯುಗಾದಿ ಹತ್ತಿರ ಮಗು ವಾಪಸ್ ಬರುತ್ತದೆ, ಮರಾಠಿ ಹಾಡು ಕಲಿತಿರುತ್ತದೆ, ಕನ್ನಡದ ಒತ್ತಕ್ಷರ ಮರೆತಿರುತ್ತದೆ. ಸೀಸನಲ್ ಹಾಸ್ಟೆಲ್ ಇದ್ದ ವರ್ಷ ಸ್ವಲ್ಪ ಮಕ್ಕಳು ಉಳಿಯುತ್ತವೆ. ಕೂಸು ನೋಡಿಕೊಳ್ಳಲು ಅಕ್ಕ ಬೇಕೇ ಬೇಕು ಅಂತ ಹೆಣ್ಣುಮಕ್ಕಳನ್ನು ಆಗಲೂ ಕರೆದುಕೊಂಡೇ ಹೋಗುತ್ತಾರೆ. ಇದನ್ನು ಯಾರೂ ಚಿತ್ರ ಬಿಡಿಸಿಲ್ಲ. ಬಿಡಿಸಿ ಅಂತಲೂ ಹೇಳುತ್ತಿಲ್ಲ, ಹಾಜರಿ ಪುಸ್ತಕ ನಾನು ಕೊಡುವುದೂ ಇಲ್ಲ!

ಬಣ್ಣದ ಡಬ್ಬಿ

ಸರ್ವೆಯರ್ ಮುತ್ಯಾ, ಪ್ರಮಾಣದ ವಿಷಯ ನನ್ನದೇ ತಪ್ಪು. ನಮ್ಮ ಕಾಲೇಜಿಗೆ ನಿಮ್ಮಂಥವರು ಬಂದು ಒಂದು ದಿನ ಪಾಠ ಮಾಡಬೇಕು.

ಟೀಚರಮ್ಮನ ಮಾತು ಓದಿ ಇನ್ನೊಂದು ನೆನಪಾಯಿತು. ಎಮಿಲಿ ಜಾಸಿರ್ ಅಂತ ಪ್ಯಾಲೆಸ್ಟೀನ್ ಮೂಲದ ಕಲಾವಿದೆ. ಅವರ ಹತ್ತಿರ ಅಮೆರಿಕದ ಪಾಸ್‌ಪೋರ್ಟ್ ಇತ್ತು, ಅದರಿಂದ ಬೇರೆ ಪ್ಯಾಲೆಸ್ಟೀನಿಯರು ಹೋಗಲಾಗದ ಕಡೆ ಅವರು ಹೋಗಬಹುದಿತ್ತು. 2001ರಿಂದ 2003ರವರೆಗೆ ಅವರು ಊರಿಗೆ ಹೋಗಲಾಗದ ಜನರಿಗೆ ಕೇಳಿದ್ದು ಒಂದೇ: ಅಲ್ಲಿ ನಿಮ್ಮ ಪರವಾಗಿ ನಾನು ಏನು ಮಾಡಿ ಬರಲಿ? ಒಬ್ಬರು ನಮ್ಮ ಅಮ್ಮನ ಹುಟ್ಟಿದ ದಿನ ಅವಳ ಸಮಾಧಿಗೆ ಹೂವಿಟ್ಟು ಬಾ ಅಂದರು. ಒಬ್ಬರು ಹೈಫಾದಲ್ಲಿ ಮೊದಲು ಸಿಕ್ಕ ನಮ್ಮ ಹುಡುಗನ ಜೊತೆ ಫುಟ್‌ಬಾಲ್ ಆಡು ಅಂದರು. ಇನ್ನೊಬ್ಬರು ಜೆರುಸಲೇಮ್ ಪೋಸ್ಟಾಫೀಸಿನಲ್ಲಿ ನನ್ನ ಫೋನ್ ಬಿಲ್ ಕಟ್ಟು ಅಂದರು. ಆಕೆ ಹೋಗಿ ಮಾಡಿ ಬಂದರು. ಪ್ರದರ್ಶನದಲ್ಲಿ ಇರುವುದು ಕೇಳಿದ ಮಾತು ಮತ್ತು ಮಾಡಿದ್ದರ ಫೋಟೊ. ನನಗೆ ಆ ಫೋನ್ ಬಿಲ್ ಎಲ್ಲಕ್ಕಿಂತ ಜಾಸ್ತಿ ತಾಗಿತು. ಅಷ್ಟು ಸಣ್ಣ ಕೆಲಸಕ್ಕೂ ಮನುಷ್ಯ ಹೋಗುವ ಹಾಗಿಲ್ಲ.

ಪುಣೆ ಅಣ್ಣಾ, "ನಮಗೇನು ಬಂತು" ಅಂದಿರಲ್ಲ, ಇಲ್ಲಿ ಒಬ್ಬರಿಗೆ ಬಿಲ್ಲಾದರೂ ಕಟ್ಟಿದರು.

ಕೀಲಿಕೈಯದೇ ಮಾಡುವುದಾದರೆ ಸೋಪಿನ ಮೇಲೆ ಅಚ್ಚು ಒತ್ತಬಹುದು. ಮೋನಾ ಹಟೂಮ್ ಅನ್ನುವ ಕಲಾವಿದೆ 1996ರಲ್ಲಿ ಪ್ಯಾಲೆಸ್ಟೀನಿನ ನಬ್ಲುಸ್ ಊರಿನ ಆಲಿವ್ ಎಣ್ಣೆಯ ಸೋಪುಗಳನ್ನು ನೆಲಕ್ಕೆ ಜೋಡಿಸಿ, ಅದರಲ್ಲಿ ಕೆಂಪು ಮಣಿ ಚುಚ್ಚಿ ಇಸ್ರೇಲ್–ಪ್ಯಾಲೆಸ್ಟೀನ್ ನಡುವಿನ ಓಸ್ಲೊ ಒಪ್ಪಂದದ ನಕ್ಷೆ ಮಾಡಿದ್ದರು. ಊರಿನ ಸೋಪು, ಕರಗುವ ವಸ್ತು, ಅದರ ಮೇಲೆ ಗಡಿ. ನಾಲ್ಕು ಸಾವಿರದಲ್ಲಿ ಸೋಪು ಧಾರಾಳ ಬರುತ್ತದೆ.

ಪುಣೆ ಸೆಂಟ್ರಿಂಗ್

ಸೋಪಿನ ಮೇಲೆ ಕೀಲಿಕೈ ಒತ್ತುವುದು ಕಳ್ಳರು ನಕಲಿ ಕೈ ಮಾಡಿಸಲು ಮಾಡುವ ಕೆಲಸ ಸರ್ 😀 ಹುಡುಗ ಏಳು ಮನೆ ಕೈಯನ್ನು ಸೋಪಿಗೆ ಒತ್ತುತ್ತಾ ಕೂತರೆ ಊರವರು ಕಂಬಕ್ಕೆ ಕಟ್ಟುತ್ತಾರೆ.

ಇರಲಿ. ಭಾನುವಾರ ಹಾಳೆ ಕೊಟ್ಟೆ. ಆರು ಜನ ಬಿಡಿಸಿದರು, ಇಬ್ಬರು ಪೆನ್ನು ಮುಟ್ಟಲಿಲ್ಲ. ಯಾರೂ ರಾಜ್ಯದ ಗೆರೆ ಹಾಕಿಲ್ಲ. ಒಬ್ಬ ಭೀಮಾ ನದಿ ದೊಡ್ಡದಾಗಿ ಬರೆದಿದ್ದಾನೆ. ಒಬ್ಬ ದೌಂಡ್ ಸ್ಟೇಷನ್ನಿನ ನಳ ಬರೆದು ಪಕ್ಕದಲ್ಲಿ ಒಂದು ಚಪ್ಪಲಿ ಬರೆದ. ಏನೋ ಇದು ಅಂದರೆ, ನೀರು ತುಂಬಲು ಇಳಿದಾಗ ರೈಲು ಹೊರಟಿತ್ತು, ಓಡುವಾಗ ಬಿದ್ದದ್ದು ಅಂದ. ಆರು ವರ್ಷದ ಹಿಂದಿನ ಚಪ್ಪಲಿ. ನಮ್ಮ ಶೆಡ್ಡಿನ ಒಬ್ಬ ಅಜ್ಜ ದಾರಿ ಬಿಡಿಸಲೇ ಇಲ್ಲ, ತನ್ನ ಮನೆ ಬಿಡಿಸಿದ. ಪಡಸಾಲೆ, ಅಡುಗೆ ಮನೆ, ಎತ್ತು ಕಟ್ಟುವ ಜಾಗ. ಎತ್ತು ಮಾರಿ ಬಹಳ ವರ್ಷ ಆಗಿದೆ.

ಹಾಳೆ ಇಟ್ಟಿದ್ದೇನೆ. ಬಂದು ತೆಗೆದುಕೊಂಡು ಹೋಗು, ವಾಟ್ಸ್ಯಾಪಿನಲ್ಲಿ ಕಳಿಸುವುದಿಲ್ಲ. ಒಂದು ಸಲ ಶೆಡ್ಡು ನೋಡು, ಆಮೇಲೆ ಮಾಡು.

ಬೀದರ್ ಕುಸುರಿ

ತಡವಾಗಿ ನೋಡಿದೆ. ಮನೆತನದ ಬಿದ್ರಿ ಕೆಲಸ ನಮ್ಮದು. ನಮ್ಮ ಕೆಲಸವೇ ವಲಸೆ ಬಂದದ್ದು, ಪರ್ಷಿಯಾ ಕಡೆಯಿಂದ ಅನ್ನುತ್ತಾರೆ. ಬಂದು ಈ ಕೋಟೆಯ ಮಣ್ಣಿಗೆ ಅಂಟಿಕೊಂಡಿತು. ಸತು ಜಾಸ್ತಿ ತಾಮ್ರ ಸ್ವಲ್ಪ ಸೇರಿಸಿ ಎರಕ ಹೊಯ್ದು, ಮೇಲೆ ಮೊಳೆಯಂಥ ಉಳಿಯಿಂದ ಕೊರೆದು, ಬೆಳ್ಳಿ ತಂತಿ ಬಡಿದು ಕೂರಿಸಿ ಉಜ್ಜಿದ ಮೇಲೆ ನೋಡಿದರೆ ಬೆಳ್ಳಿಯೂ ಬಿಳಿ, ಲೋಹವೂ ಬಿಳಿ. ಡಿಸೈನ್ ಹುಡುಕಬೇಕು. ಆಮೇಲೆ ಕೋಟೆಯ ಹಳೆ ಜಾಗದ, ಬಿಸಿಲು ಮಳೆ ಕಾಣದ ಮಣ್ಣು ತಂದು, ನವಸಾಗರ ಅನ್ನುವ ಉಪ್ಪು ಹಾಕಿ ಕುದಿಸಿ ಉಜ್ಜಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಮಣ್ಣು ಸರಿ ಇದೆಯಾ ಅಂತ ನಾಲಿಗೆ ಮೇಲೆ ಇಟ್ಟು ನೋಡುತ್ತೇವೆ. ಗೆರೆ ಮೊದಲಿಂದ ಇರುತ್ತದೆ. ಕಾಣುವುದು ಮಣ್ಣು ಬಿದ್ದ ಮೇಲೆ.

ಹೊರಗಿನವರು ಒಳಗಿನವರು ಅನ್ನುವ ಜಗಳವೂ ಇಲ್ಲಿ ಹೊಸದಲ್ಲ. ಮಹಮೂದ್ ಗವಾನ್ ಇರಾನಿನ ಗೀಲಾನ್‌ನಿಂದ ಬಂದವನು. 1472ರಲ್ಲಿ ಮದರಸಾ ಕಟ್ಟಿಸಿದ, ಬೀದರಿಗೆ ಬಂದವರೆಲ್ಲ ಈಗ ಅದರ ಮುಂದೆ ಸೆಲ್ಫಿ ತೆಗೆಯುತ್ತಾರೆ. ಹೊರಗಿನಿಂದ ಬಂದ ಅಫಾಕಿಗಳಿಗೂ ಇಲ್ಲಿನ ದಖನಿಗಳಿಗೂ ಇದ್ದ ದ್ವೇಷದಲ್ಲಿ ಸುಳ್ಳು ಪತ್ರ ಹುಟ್ಟಿಸಿ, 1481ರಲ್ಲಿ ಸುಲ್ತಾನನಿಂದಲೇ ಅವನ ತಲೆ ತೆಗೆಸಿದರು. ಈಗಲೂ ಇಲ್ಲಿ ಒಂದು ಮನೆ ಬಾಡಿಗೆಗೆ ಕೇಳಿದರೆ ಮೊದಲ ಪ್ರಶ್ನೆ "ಯಾವ ಊರಿನವರು?"

ತಮ್ಮಾ, ಬಿದ್ರಿಯಲ್ಲಿ ಕೀಲಿಕೈ ಮಾಡಿಸಬೇಕೆಂದರೆ ನಾನು ಬೇಡ ಅನ್ನುತ್ತೇನೆ. ಚಂದ ಆಗಿಬಿಡುತ್ತದೆ. ಶೋಕೇಸಿನಲ್ಲಿ ಇಟ್ಟುಕೊಳ್ಳಲು ಯಾರಾದರೂ ಕೊಂಡುಕೊಳ್ಳುತ್ತಾರೆ.

ಗಂಜ್ ರಸ್ತೆ

ಒಂದೇ ಮಾತು. ನಮ್ಮ ಎಸ್.ಎಂ. ಪಂಡಿತರೂ ಗುಲ್ಬರ್ಗಾದಲ್ಲಿ ಹುಟ್ಟಿ ಮುಂಬೈಗೆ ಹೋದವರೇ. ಸಿನಿಮಾ ಪೋಸ್ಟರು, ಕ್ಯಾಲೆಂಡರು ಮಾಡಿಯೇ ದೊಡ್ಡವರಾದರು. ಕ್ಯಾಲೆಂಡರ್ ಅಂತ ಬೈಯುವ ಗೈಡಿಗೆ ಹೇಳಿ 😀

ಶಹಾಪುರದ ಹುಡುಗ

ಹತ್ತು ದಿನ ಆಯಿತು, ಅಪ್‌ಡೇಟ್ ಕೊಡುತ್ತೇನೆ.

ಆಯಿಗೆ ಕೀಲಿಕೈ ಒಂದು ವಾರ ಕೊಡು, ಕಾಲೇಜಿನಲ್ಲಿ ಇಟ್ಟು ತಂದುಕೊಡುತ್ತೇನೆ ಅಂದೆ. "ಮಂದಿ ಮನಿ ಕೀಲಿಕೈ ನಿನಗ ಕೊಡಾಕ ಅವೇನು ನನ್ನವಾ?" ಅಂದು ಸಂಚಿಯನ್ನು ಇನ್ನೂ ಒಳಗೆ ಸೇರಿಸಿದಳು. ಫೋಟೊನೂ ಬೇಡ ಅಂದಳು. ಎರಡು ಗಂಟೆ ಬೇಜಾರಾಗಿತ್ತು. ಆಮೇಲೆ ಅದೇ ಸರಿ ಅನ್ನಿಸಿತು. ನನ್ನ ಕೆಲಸದಲ್ಲಿ ಕೀಲಿಕೈ ಇರುವುದಿಲ್ಲ.

ಮುತ್ಯಾ ಹೇಳಿದ ಪ್ರಶ್ನೆ ಕೇಳಿದೆ, ಈ ಪದ್ಧತಿ ಯಾವಾಗಿನದು ಅಂತ. ಅವಳ ಅತ್ತೆಯ ಹತ್ತಿರವೂ ಇರುತ್ತಿತ್ತಂತೆ. "ಅಕಿ ಹತ್ತಿರ ಒಂದು ದೊಡ್ಡ ಕಬ್ಬಿಣದ್ದು ಇತ್ತು, ಆಕ್ಷನ್ ಆದಾಗಿಂದು. ಅವರು ಬರಲೇ ಇಲ್ಲ" ಅಂದಳು. ಯಾರು ಅಂದೆ. ಎದ್ದು ನೀರು ತರಲು ಹೋದಳು. ಮತ್ತೆ ಕೇಳಲಿಲ್ಲ.

ಅಣ್ಣನ ಶೆಡ್ಡಿನ ಅಜ್ಜ ಮನೆ ಬಿಡಿಸಿದ್ದು ಓದಿದ ಮೇಲೆ ನಿರ್ಧಾರ ಆಯಿತು. ನಮ್ಮ ಓಣಿಯ ಏಳೂ ಮನೆಯವರಲ್ಲಿ ಐದು ಮನೆ ಪುಣೆಯಲ್ಲೇ ಇದ್ದಾರೆ, ಒಂದು ಬೆಂಗಳೂರು. ಅವರಿಗೆ ಅವರವರ ಮನೆಯ ನಕ್ಷೆಯನ್ನು ನೆನಪಿನಿಂದ ಬಿಡಿಸಿ ಅನ್ನುತ್ತೇನೆ. ಜೊತೆಗೆ ಟೀಚರಮ್ಮನ ಮಾತಿಗೆ ಸಿಕ್ಕ ಆ ಜಾಸಿರ್ ಪ್ರಶ್ನೆ: ಮನೆಯಲ್ಲಿ ನಿಮ್ಮ ಪರವಾಗಿ ಒಂದು ಕೆಲಸ ಏನು ಮಾಡಲಿ? ಅದನ್ನು ಆಯಿ ಮತ್ತು ನಾನು ಹೋಗಿ ಮಾಡುತ್ತೇವೆ. ಆಯಿ ಹೇಗೂ ಅಮಾವಾಸ್ಯೆಗೊಮ್ಮೆ ಏಳೂ ಮನೆ ತೆಗೆದು ಕಸ ಹೊಡೆದು ದೀಪ ಹಚ್ಚಿ ಬರುತ್ತಾಳೆ. ಗೋಡೆ ಮೇಲೆ ಆರು ನಕ್ಷೆ, ಏಳನೆಯ ಜಾಗದಲ್ಲಿ ಅಳತೆಗೆ ಸರಿಯಾಗಿ ಖಾಲಿ ಹಾಳೆ. ಸರ್ವೆಯರ್ ಮುತ್ಯಾ, ಒಂದೊಂದರ ಪಕ್ಕ ನಿಮ್ಮ ಸರಪಳಿ ಲೆಕ್ಕದಲ್ಲಿ ನಿಜವಾದ ಅಳತೆಯ ನಕ್ಷೆಯೂ ಹಾಕೋಣ ಅಂತಿದ್ದೇನೆ. ಬರುತ್ತೀರಾ? ಬಸ್ ಚಾರ್ಜು ನನ್ನದು, ಎಳ್ಳಮಾವಾಸ್ಯೆ ಊಟ ಆಯಿಯದು. ಭಜ್ಜಿ, ಸಜ್ಜಿ ರೊಟ್ಟಿ, ಕಡಬು ಎಲ್ಲ ಇರುತ್ತದೆ.

ಗೈಡಿಗೆ ಹೇಳಿದೆ. "ಮಾಡು" ಅಂದರು. ಅಷ್ಟೇ.

ಶನಿವಾರ ರಾತ್ರಿ ಯಾದಗಿರಿಯಿಂದ ರೈಲು ಹತ್ತುತ್ತೇನೆ. ಪುಣೆ ಅಣ್ಣಾ, ಸ್ಟೇಷನ್ನಿನಿಂದ ಶೆಡ್ಡಿಗೆ ಬಸ್ ಯಾವುದು ಹೇಳಿ. ಆಯಿ ಎರಡು ಸೇರು ಜೋಳದ ಹಿಟ್ಟು ಕಟ್ಟಿದ್ದಾಳೆ, ಜೊತೆಗೆ ತಿಪ್ಪಣ್ಣ ಕಾಕಾನಿಗೆ ಒಂದು ಮಾತು ಮುಟ್ಟಿಸಲು ಹೇಳಿದ್ದಾಳೆ: ಅಡುಗೆ ಮನೆಯ ಮಾಡಿನಲ್ಲಿ ಇಲಿ ತೂತು ಮಾಡಿದೆ, ಹಂಚು ಸರಿಸಿ ಮುಚ್ಚಿಸಲೋ ಬೇಡವೋ ಅಂತ ಕೇಳಿಕೊಂಡು ಬಾ ಅಂತ.

ಪುಣೆ ಸೆಂಟ್ರಿಂಗ್

ಬಸ್ ಬೇಡ, ನಾನೇ ಗಾಡಿ ತರುತ್ತೇನೆ. ಹಿಟ್ಟು ಜಾಸ್ತಿ ತಾ.